ಕೊಸರು ಬಿಲ್ಲೆ

“ಹೆಚ್ಚಿಗೆ ಕೊಟ್ಟರು ಅಂತ ಜಗಳ ತೆಗೆಯೋರು ಈ ಲೋಕದಲ್ಲಿ ಯಾರಾದರೂ ಇದ್ದಾರಾ?”

ಅಕ್ಕ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಇದ್ದದ್ದು ಅವಳು, ಎರಡು ಒತ್ತುಯಂತ್ರ, ಬಣ್ಣದ ಪುಡಿಯ ಡಬ್ಬಿಗಳು. ಡಬ್ಬಿಗಳು ಉತ್ತರ ಕೊಡುವ ಪೈಕಿ ಅಲ್ಲ. ತಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಅಂಗಳಕ್ಕೆ ಇಳಿದಿದ್ದ. ಕಿಟಕಿಯಾಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಇಳಿಯುವ ಮುಂಚೆ ಫೋನಿನ ಮೇಲೆ ಅಂಗೈ ಮುಚ್ಚಿ, “ಅಕ್ಕ, ಎಣಿಕೆ ಹೆಚ್ಚಿದೆ ಅಂತಿದ್ದಾರೆ. ಕ್ಲಬ್ಬಿನ ಪೆಟ್ಟಿಗೆ ತುಂಬುವಾಗ ಎಣಿಸಿದ್ದೆ ತಾನೆ?” ಎಂದು ಕೇಳಿದ್ದ. “ಎಣಿಸದೆ ಇರ್ತೀನಾ? ಎಣಿಸಿ ತುಂಬಿ, ಆಮೇಲೆ ಕೊಸರು ಹಾಕಿದೆ” ಎಂದಿದ್ದಳು. ಅಷ್ಟೇ. ಅವನ ಮುಖದ ರಕ್ತ ಇಳಿದುಹೋದದ್ದನ್ನು ಅವಳು ಕಂಡಳು. ಯಾಕೆಂದು ಮಾತ್ರ ತಿಳಿಯಲಿಲ್ಲ.

ಕೊಸರು ಆ ಮನೆಗೆ ಅಪ್ಪನಿಂದ ಬಂದದ್ದು. ಅಪ್ಪ ಅಂಗಿಯ ಗುಂಡಿ ಮಾಡುತ್ತಿದ್ದ. ಮನೆಯ ಹಿಂದೆ ತಗಡಿನ ಚಾವಣಿಯ ಉದ್ದನೆಯ ಕೋಣೆ, ಅದರಲ್ಲೊಂದು ಒತ್ತುಯಂತ್ರ. ಕಾದ ಅಚ್ಚಿಗೆ ಪ್ಲಾಸ್ಟಿಕ್ಕಿನ ಪುಡಿ ತುಂಬಿ ಮೇಲಿನ ಹಲಗೆ ಇಳಿಸಿ ಬಿಗಿದರೆ, ಪುಡಿ ಕರಗಿ ಗಟ್ಟಿಯಾಗಿ ಗುಂಡಿಯಾಗುತ್ತಿತ್ತು. ಎಷ್ಟು ಹೊತ್ತು ಬಿಗಿಯಬೇಕು ಎನ್ನುವುದಕ್ಕೆ ಅಪ್ಪ ಗಡಿಯಾರ ನೋಡಿದವನಲ್ಲ. ಒಂದು ಪದ್ಯವನ್ನು ಆತುರವಿಲ್ಲದೆ ಹೇಳಿ, ಕೊನೆಯ ಸಾಲನ್ನು ಎರಡು ಸಲ ಹೇಳಿ ಮುಗಿಸಿದರೆ ಅಚ್ಚು ತೆರೆಯುವ ಹೊತ್ತು. ಅವಸರಪಟ್ಟರೆ ಗುಂಡಿ ಮೆತ್ತಗೆ. ರಾಗ ಎಳೆದರೆ ಅಂಚು ಕಪ್ಪು. “ದೇವರ ಹೆಸರು ಹೇಳಿದ ಹಾಗೂ ಆಯ್ತು, ಸರಕು ಬೆಂದ ಹಾಗೂ ಆಯ್ತು” ಎನ್ನುತ್ತಿದ್ದ. ಅಕ್ಕ ಅಕ್ಷರಕ್ಕಿಂತ ಮೊದಲು ಪದ್ಯ ಕಲಿತವಳು, ಆ ಯಂತ್ರದ ಪಕ್ಕದಲ್ಲೇ ಕುಳಿತು.

ಸರಕು ಕಟ್ಟುವಾಗ ಅಪ್ಪ ಎಣಿಕೆಯ ಮೇಲೆ ಮೂರು ಬೆರಳಿಗೆ ಸಿಕ್ಕಷ್ಟು ಗುಂಡಿ ತೆಗೆದು ಸುರಿಯುತ್ತಿದ್ದ. ಅದೂ ಆರಿಸಿ, ಒಳ್ಳೆಯದನ್ನೇ. “ಕೊಂಡವನು ಮನೆಗೆ ಹೋಗಿ ಎಣಿಸಿದಾಗ ನಮ್ಮನ್ನ ಹರಸಬೇಕು. ಕೊಸರಿಗೆ ಸೊಟ್ಟದ್ದು ಹಾಕೋನ ಕೈಯೇ ಸೊಟ್ಟಗಾಗುತ್ತೆ.” ದರ್ಜಿಗಳು ದೂರದಿಂದ ನಡೆದು ಬರುತ್ತಿದ್ದುದು ಆ ಮೂರು ಬೆರಳಿಗಾಗಿಯೇ.

ಅಪ್ಪ ಹೋದ. ಗುಂಡಿಯ ಕಾಲವೂ ಹೋಯಿತು. ಹಡಗುಗಟ್ಟಲೆ ಅಗ್ಗದ ಗುಂಡಿ ಬಂದು ಬಿದ್ದ ಮೇಲೆ ದರ್ಜಿಗಳು ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು, ಪಾಪ, ನಾಚಿಕೆಗೆ. ಅಕ್ಕನಿಗೆ ಮದುವೆಯಾಗಲಿಲ್ಲ. ಕೇಳಿದವರಿಗೆ, “ಗಂಡಿನ ಕಡೆಯವರು ಬಂದಾಗಲೆಲ್ಲ ಅಚ್ಚು ಕಾದಿರ್ತಿತ್ತು, ಬಿಟ್ಟು ಏಳೋದು ಹೇಗೆ?” ಎಂದು ನಗುತ್ತಿದ್ದಳು.

ತಮ್ಮನಿಗೆ ಬೀದಿಯವರಿಟ್ಟ ಹೆಸರು ಗಾಳಿಪಟ. ಹೊಸ ಯೋಚನೆ ಬೀಸಿದರೆ ಸಾಕು, ಮೇಲೇರಿಬಿಡುವನು. ಕೆಳಗೆ ದಾರ ಹಿಡಿಯಲು ಅಕ್ಕನೇ ಆಗಬೇಕು. ಒಂದು ದಿನ ಅವನು ಅವಳ ಅಂಗೈಯಲ್ಲಿ ದುಂಡಗಿನ ಬಿಲ್ಲೆಯೊಂದನ್ನು ಇಟ್ಟ.

“ಏನೋ ಇದು?”

“ಪೋಕರ್ ಚಿಪ್ಸು.”

“ತಿನ್ನೋದಾ?”

“ನಾವು ತಿನ್ನೋದಲ್ಲ ಕಣೇ ಅಕ್ಕ, ನಮ್ಮನ್ನ ತಿನ್ನೋದು. ಇಸ್ಪೀಟಾಡುವಾಗ ದುಡ್ಡಿನ ಬದಲು ಮೇಜಿನ ಮೇಲೆ ಇದನ್ನ ಇಡ್ತಾರೆ. ಅವರವರಿಗೆ ಬೇಕಾದ ಬಣ್ಣ, ಬೇಕಾದ ಚಿತ್ರ, ಬೇಕಾದ ಹೆಸರು ಹಾಕಿ ಮಾಡಿಕೊಟ್ಟರೆ ಜನ ಮುಗಿಬೀಳ್ತಾರೆ. ನೋಡು, ತೂತಿಲ್ಲದ ಗುಂಡಿ ಅಷ್ಟೇ.”

“ಜೂಜು ಅನ್ನು.”

“ಆಡೋರು ನಾವಲ್ಲವಲ್ಲ. ಚಾಕು ಮಾಡೋನು ಕೊಲೆಗಾರನಾ?”

“ಚಾಕೂನಲ್ಲಿ ಹಣ್ಣಾದರೂ ಕೊಯ್ತಾರೆ. ಇದರಲ್ಲಿ ಏನು ಕೊಯ್ತಾರೆ?”

“ಹೊತ್ತು” ಎಂದ ತಮ್ಮ.

ಅಕ್ಕ ಒಂದು ವಾರ ಆ ಬಿಲ್ಲೆಯನ್ನು ಮುಟ್ಟಲಿಲ್ಲ. ಆಮೇಲೆ, ಯಂತ್ರ ತುಕ್ಕು ಹಿಡಿಯುವುದನ್ನು ನೋಡಲಾರದೆ, ಅಚ್ಚಿನಲ್ಲಿ ತೂತು ಮೂಡಿಸುವ ಕಡ್ಡಿಗಳನ್ನು ತೆಗೆಸಿ ಮೊದಲ ಬಿಲ್ಲೆ ಒತ್ತಿದಳು. ಬಿಲ್ಲೆ ಗುಂಡಿಗಿಂತ ದಪ್ಪ. ಒಂದು ಪದ್ಯ ಸಾಲದೆ ಎರಡು ಬೇಕಾಯಿತು.

ಮೊದಮೊದಲು ಕೊಂಡವರು ಮನೆಯಲ್ಲಿ ಆಡುವವರೇ. ನಿವೃತ್ತನಾದ ರೈಲು ಚಾಲಕನೊಬ್ಬ ತಾನು ಓಡಿಸಿದ ಎಂಜಿನ್ನಿನ ಚಿತ್ರ ಹಾಕಿಸಿಕೊಂಡ. ಗೆಳೆಯರ ಗುಂಪೊಂದು ಸತ್ತುಹೋದ ಗೆಳೆಯನ ಮುಖ ಕೇಳಿತು: “ಅವನು ಗೆದ್ದಾಗ ನಗ್ತಿದ್ದ ಮುಖ ಬೇಕು, ಸೋತಾಗಿನದಲ್ಲ.” ತಮ್ಮ ಫೋಟೋ ತೆಗೆದು ಊರೂರಿಗೆ ತೋರಿಸಿದ, ತಮ್ಮನ ಹೆಂಡತಿ ಬಿಲ್ಲೆಯ ಅಂಚಿಗೆ ಕೂರಿಸುವ ಬೇರೆ ಬಣ್ಣದ ತುಣುಕುಗಳನ್ನು ಕತ್ತರಿಸಿಕೊಟ್ಟಳು, ಅಕ್ಕ ಒತ್ತಿದಳು. ಪೆಟ್ಟಿಗೆ ಕಟ್ಟುವ ಕೆಲಸ ಮಾತ್ರ ಅವಳು ಯಾರಿಗೂ ಬಿಡಲಿಲ್ಲ. ರೈಲು ಚಾಲಕ ಬರೆದ: “ನಮ್ಮ ನಾಯಿ ಎರಡು ನುಂಗಿತು. ಆದರೂ ಸೆಟ್ಟು ಪೂರ್ತಿ ಇದೆ. ನಿಮ್ಮ ಕೈ ದೊಡ್ಡದು.” ಅಕ್ಕ ಅದನ್ನು ತಮ್ಮನಿಂದ ಮತ್ತೆ ಮತ್ತೆ ಓದಿಸಿದಳು.

ಆಮೇಲೆ ಕ್ಲಬ್ಬು ಬಂತು.

ಪಟ್ಟಣದ ಆಚೆ ತುದಿಯಲ್ಲಿ ಹೊಸದಾಗಿ ತೆರೆಯಲಿದ್ದ ಇಸ್ಪೀಟು ಕ್ಲಬ್ಬು ಅದು. ಅದರ ಗಲ್ಲಾದ ಮೇಲ್ವಿಚಾರಕ ತಾನೇ ಕಾರ್ಯಾಗಾರಕ್ಕೆ ಬಂದ. ತೆಳ್ಳಗಿನ, ಮೆತ್ತನೆ ಮಾತಿನ ಮನುಷ್ಯ. ಎರಡು ಬಿಲ್ಲೆಗಳನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿದ, ಮೇಜಿನ ಮೇಲೆ ಬೀಳಿಸಿ ಸದ್ದು ಕೇಳಿದ, ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದ. ಪದ್ಯ ಕೇಳುವವರ ಹಾಗೆ ಅವನು ತಲೆದೂಗಿದ್ದು ಅಕ್ಕನಿಗೆ ಹಿಡಿಸಿತು.

“ಅಚ್ಚು ಬೀಗದೊಳಗಿರಬೇಕು” ಎಂದ. “ಕೆಟ್ಟ ಬಿಲ್ಲೆ ಪುಡಿ ಮಾಡಿ, ಆ ಪುಡಿ ಕೂಡ ನಮಗೇ ಕಳಿಸಬೇಕು. ಎಣಿಕೆ ಹೇಳಿದಷ್ಟೇ ಇರಬೇಕು.”

“ಕಡಿಮೆ ಬರೋ ಮಾತೇ ಇಲ್ಲ ಸಾರ್” ಎಂದಳು ಅಕ್ಕ.

ಅವನು ತೃಪ್ತಿಯಿಂದ ಕೈ ಮುಗಿದು ಹೋದ. ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದೇವೆಂದು ಇಬ್ಬರೂ ತಿಳಿದರು.

ಒಂದು ಕ್ಲಬ್ಬು ಹಿಡಿದರೆ ಅದರ ಹಿಂದೆ ಇನ್ನಷ್ಟು ಕ್ಲಬ್ಬು ಬರುತ್ತವೆ ಎಂದು ಗಾಳಿಪಟ ಹಾರಿತು. ಮನೆಯಲ್ಲಿ ಆಡುವವರ ಚಿಲ್ಲರೆ ಕೆಲಸವನ್ನೆಲ್ಲ ನಿಲ್ಲಿಸಿದರು. ಎರಡನೆಯ ಯಂತ್ರ ತಂದರು. ಅದು ಬಾಗಿಲಲ್ಲಿ ಹಿಡಿಯದೆ ಗೋಡೆ ಒಡೆದು ಒಳಗೆ ತರಬೇಕಾಯಿತು. ಆ ಕಡೆಯ ಗೋಡೆ ಇನ್ನೂ ಹಲಗೆ ಹೊಡೆದೇ ನಿಂತಿದೆ. ತಮ್ಮನ ಹೆಂಡತಿ ಔಷಧದ ಅಂಗಡಿಯ ಕೆಲಸ ಬಿಟ್ಟಳು. “ಮೂಗಿಗಿಂತ ಮೂಗುತಿ ಭಾರ ಆಯ್ತೇನೋ” ಎಂದು ಅಕ್ಕ ಒಮ್ಮೆ ಅಂದದ್ದುಂಟು. “ಮೂಗನ್ನೇ ಬೆಳೆಸೋಣ ಬಿಡು” ಎಂದ ತಮ್ಮ. ಹಿಂದಕ್ಕೆ ಹೋಗುವ ದಾರಿಯನ್ನೆಲ್ಲ ತಾವೇ ಮುಚ್ಚಿಕೊಂಡಿದ್ದೇವೆ, ಕ್ಲಬ್ಬು ಕೈ ಬಿಟ್ಟರೆ ಕೋಣೆಗೇ ಬೀಗ ಎನ್ನುವುದು ಮೂವರಿಗೂ ಗೊತ್ತಿತ್ತು.

ಕ್ಲಬ್ಬಿನ ಬಿಲ್ಲೆ ಅಕ್ಕ ಮಾಡಿದ್ದರಲ್ಲೆಲ್ಲ ಚೆಂದದ್ದು. ಅದರಲ್ಲೂ ಕಡುಗೆಂಪಿನ ಮೇಲೆ ಹೊಂಬಣ್ಣದ ಅಂಚಿನದು. ಅಚ್ಚಿನಿಂದ ತೆಗೆದಾಗ ಬೆಳಗಿನ ಸೂರ್ಯನ ಹಾಗೆ. ಪೆಟ್ಟಿಗೆಯ ಸಾಲುಗಳಲ್ಲಿ ಬಿಲ್ಲೆಗಳನ್ನು ಎಣಿಸಿ ನಿಲ್ಲಿಸಿದ ಮೇಲೆ ಕೊನೆಯಲ್ಲಿ ಕೊಂಚ ಸಂದಿ ಉಳಿಯುತ್ತಿತ್ತು. ಸಂದಿ ಇದ್ದರೆ ಒಂದಕ್ಕೊಂದು ತಾಗಿ ಅಂಚು ಹಾಳು. ಅಕ್ಕ ಸಂದಿಗೆ ಹಿಡಿದಷ್ಟು ಕೊಸರು ತುಂಬಿದಳು, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಕೈಗೆ ಬಂದ ಹಾಗೆ. ಕೊಸರಿಗೆ ಒಳ್ಳೆಯದನ್ನೇ ಹಾಕಬೇಕಲ್ಲ. ಕೆಂಪು ಬಿಲ್ಲೆಯ ಪೆಟ್ಟಿಗೆಗೆ ಧಾರಾಳವಾಗಿಯೇ ಹಾಕಿದಳು. ಆ ಕೆಂಪೇ ಕ್ಲಬ್ಬಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ನಾಲ್ಕು ಹಾಕುತ್ತಿದ್ದಳೇನೋ.

ಅಂಗಳದಿಂದ ತಮ್ಮ ಒಳಗೆ ಬಂದ. ಹಿಂದೆಯೇ ಅವನ ಹೆಂಡತಿಯೂ ಕೈ ಒರೆಸಿಕೊಳ್ಳುತ್ತ ಬಂದಳು.

“ಅಕ್ಕ, ಪೆಟ್ಟಿಗೆಯ ಎಣಿಕೆ ನಂಬಿ ಸಾಲುಸಾಲಾಗಿ ಹಾಗೇ ಆಟಗಾರರಿಗೆ ಕೊಟ್ಟಿದ್ದಾರೆ. ಈಗ ದುಡ್ಡು ತಗೊಂಡದ್ದಕ್ಕಿಂತ ಹೆಚ್ಚು ಬಿಲ್ಲೆ ಗಲ್ಲಾಕ್ಕೆ ವಾಪಸ್ ಬಂದಿವೆ. ಒಂದೊಂದಕ್ಕೂ ಅವರು ದುಡ್ಡು ಕೊಡಬೇಕು. ಗೊತ್ತಾಯ್ತಾ? ಅದು ಗುಂಡಿ ಅಲ್ಲ. ಅದು ನೋಟು. ನೀನು ನೋಟಿಗೆ ಕೊಸರು ಹಾಕಿದ್ದೀಯ.”

ಅಕ್ಕ ಕುಳಿತುಕೊಂಡಳು.

“ಹೇಳಿಬಿಡೋ. ನಮ್ಮ ಅಕ್ಕನ ತಪ್ಪು ಅಂತ ಹೇಳಿಬಿಡು.”

“ಎಣಿಕೆ ಸರಿಯಾಗೇ ಕಳಿಸಿದ್ದೇವೆ ಅಂತ ಹೇಳಿಯಾಯ್ತು” ಎಂದ ತಮ್ಮ. “ಅವರಿಗೆ ನಮ್ಮ ಮೇಲೆ ಅನುಮಾನ ಇಲ್ಲ. ಪೆಟ್ಟಿಗೆ ಬಿಚ್ಚಿ ಎಣಿಸಿದ ಹೆಂಗಸೊಬ್ಬಳಿದ್ದಾಳಂತೆ. ಅವಳೇ ಒಂದಷ್ಟು ಕದ್ದು ಯಾರ ಕೈಯಲ್ಲೋ ದುಡ್ಡು ಮಾಡಿಸಿದ್ದಾಳೆ ಅಂದ್ಕೊಂಡಿದ್ದಾರೆ. ಮುಂದಿನ ಆರ್ಡರಿನ ಕೆಲಸ ನಾಳೆಯಿಂದಲೇ ಶುರು ಮಾಡಿ ಅಂದಿದ್ದಾರೆ.”

“ಅವಳ ಗತಿ?”

ತಮ್ಮನ ಹೆಂಡತಿ ನೆಲ ನೋಡುತ್ತ ಹೇಳಿದಳು: “ನಮ್ಮ ಗತಿ ಏನು ಅಂತ ಯಾರು ಕೇಳ್ತಾರೆ ಅಕ್ಕ? ನಾನು ಬಿಟ್ಟ ಕೆಲಸಕ್ಕೆ ಬೇರೆ ಹುಡುಗಿ ಬಂದಾಯ್ತು.”

ತಪ್ಪು ತನ್ನದು, ಉಪವಾಸ ಎಲ್ಲರದು. ಬಾಯಿ ಬಿಡುವ ಹಕ್ಕು ತನಗೆಲ್ಲಿದೆ ಎನಿಸಿತು ಅಕ್ಕನಿಗೆ. ಮರುದಿನದಿಂದ ಯಂತ್ರದ ಮುಂದೆ ನಿಂತರೆ ಪದ್ಯ ತಪ್ಪತೊಡಗಿತು. ಹುಟ್ಟಿದಾಗಿನಿಂದ ನಾಲಗೆಯಲ್ಲಿದ್ದ ಸಾಲು ನಡುವೆಯೇ ನಿಂತುಬಿಡುವುದು. ಮುಂದೇನು ಎಂದು ಹುಡುಕುವಷ್ಟರಲ್ಲಿ ಅಚ್ಚಿನಿಂದ ಸುಟ್ಟ ವಾಸನೆ. ತಮ್ಮ ಗೋಡೆಗೊಂದು ಗಡಿಯಾರ ತಂದು ಹಾಕಿದ.

ಎಣಿಕೆಯ ಹೆಂಗಸು ತಾನಾಗಿ ಬಂದದ್ದು ಒಂದು ಮಧ್ಯಾಹ್ನ. ತಮ್ಮ ಪುಡಿ ತರಲು ಹೋಗಿದ್ದ. ಬಾಗಿಲಲ್ಲಿ ನಿಂತವಳು ತನ್ನ ಕೆಲಸ ಹೇಳಿ, ಕೆಲಸ ಹೋದದ್ದನ್ನೂ ಹೇಳಿ, ಒಳಗೆ ಬರಬಹುದೇ ಎಂದು ಕೇಳಿದಳು. ಅಕ್ಕನಿಗಿಂತ ಕೊಂಚ ಚಿಕ್ಕವಳು. ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದಳು. ತಮ್ಮನ ಹೆಂಡತಿ ಚಹಾ ತಂದಿಟ್ಟು, ಅವಳ ಬೆನ್ನ ಹಿಂದೆ ನಿಂತು, ಅಕ್ಕನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದಳು: ಬೇಡ.

“ನಾನು ಜಗಳಕ್ಕೆ ಬಂದಿಲ್ಲ” ಎಂದಳು ಬಂದವಳು. “ಕೆಲಸ ಕೊಡಿಸಿ ಅಂತಾನೂ ಬಂದಿಲ್ಲ. ಒಂದೇ ಒಂದು ಕೇಳ್ಬೇಕಿತ್ತು. ಪೆಟ್ಟಿಗೆ ಬಿಚ್ಚಿ ಎಣಿಸಿದಾಗ ಹೆಚ್ಚು ಬಂತು. ಮತ್ತೆ ಎಣಿಸಿದೆ, ಆಗಲೂ ಅಷ್ಟೇ ಹೆಚ್ಚು. ಅವತ್ತು ಕ್ಲಬ್ಬು ತೆರೆಯೋ ದಿನ, ಎಲ್ಲರೂ ಬೇಗ ಬೇಗ ಅಂತಿದ್ರು. ಹೆಚ್ಚು ಕಳಿಸೋ ಹುಚ್ಚರು ಯಾರಿರ್ತಾರೆ, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡು ಪೆಟ್ಟಿಗೆ ಮೇಲೆ ಏನಿತ್ತೋ ಅದನ್ನೇ ಬರೆದೆ, ಹೆಚ್ಚು ಎಷ್ಟು ಅಂತ ಗುರುತೂ ಇಟ್ಕೊಳ್ಳಲಿಲ್ಲ. ಒಂದನ್ನೂ ನಾನು ಮುಟ್ಟಿಲ್ಲ. ಆದರೆ ಈಗ…” ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. “ಈಗ ಮನೆಯಲ್ಲಿ ಚಮಚ ಎಣಿಸ್ತೀನಿ. ಮೆಟ್ಟಿಲು ಎಣಿಸ್ತೀನಿ. ಎಣಿಸಿದ್ದರ ಮೇಲೆ ನಂಬಿಕೆ ಬರಲ್ಲ, ಮತ್ತೆ ಇಳಿದು ಮತ್ತೆ ಹತ್ತುತ್ತೀನಿ. ನನ್ನ ಮಗಳು ನೋಡಿ ಅಳ್ತಾಳೆ. ನನ್ನ ಎಣಿಕೆ ಸರಿ ಇತ್ತಾ ಅಂತ ಅಷ್ಟು ಹೇಳಿ ಸಾಕು. ತಪ್ಪಿತ್ತು ಅಂದರೂ ಪರವಾಗಿಲ್ಲ. ಹೇಳಿ.”

ಅಕ್ಕ ತಮ್ಮನ ಹೆಂಡತಿಯ ಮುಖ ನೋಡಿದಳು. ಹಲಗೆ ಹೊಡೆದ ಗೋಡೆ ನೋಡಿದಳು.

“ಸರಿ ಇತ್ತಮ್ಮ” ಎಂದಳು. “ಹೆಚ್ಚು ಹಾಕಿದ ಹುಚ್ಚಿ ನಾನೇ.”

ಹೆಂಗಸು ಅಳಲಿಲ್ಲ. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, “ಹಾಗಾದರೆ ಸರಿ” ಎಂದು ಎದ್ದಳು. ಬಾಗಿಲಲ್ಲಿ ತಿರುಗಿ, “ಬಿಲ್ಲೆ ತುಂಬ ಚೆನ್ನಾಗಿದ್ವು” ಎಂದಳು. ಆ ಮಾತು ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ತಮ್ಮ ಬಂದ ಮೇಲೆ ಮನೆಯಲ್ಲಿ ಕೂಗಾಟವಾಗಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಪುಡಿಯ ಚೀಲ ಇಳಿಸಿ ಅದರ ಮೇಲೆಯೇ ಕುಳಿತ.

“ಕ್ಲಬ್ಬಿಗೆ ಹೋಗಿ ಹೇಳ್ತೀಯಾ?”

“ಹೇಳ್ತೀನಿ.”

“ಹೇಳಿದರೆ ನಮ್ಮದು ಮುಗೀತು ಅಕ್ಕ. ಎಣಿಕೆ ತಪ್ಪಿದವರಿಗೆ ಬಿಲ್ಲೆ ಮಾಡೋಕೆ ಯಾವ ಕ್ಲಬ್ಬೂ ಕೊಡಲ್ಲ.”

“ಗೊತ್ತು ಕಣೋ.”

“ಹೇಳಿದ ಮಾತ್ರಕ್ಕೆ ಅವಳನ್ನ ವಾಪಸ್ ತಗೋತಾರೆ ಅಂತ ಏನು ಖಾತ್ರಿ?”

“ನಿಜ ಗೊತ್ತಾದ ಮೇಲೆ ಯಾಕೆ ತಗೊಳ್ಳಲ್ಲ? ನಮ್ಮದು ಹೇಗಿದ್ದರೂ ಹೋಗೋದು ಹೋಗುತ್ತೆ. ಅವಳದಾದರೂ ಉಳೀಲಿ.”

ತಮ್ಮ ಚೀಲದ ಮೇಲಿಂದ ಎದ್ದ. “ಕೈಗೆ ಬಂದ ತುತ್ತನ್ನ ನಾವೇ ನೆಲಕ್ಕೆ ಚೆಲ್ಲೋದು ಅನ್ನು” ಎಂದ. ಆದರೂ ಮರುದಿನ ವ್ಯಾನು ಹೊರತೆಗೆದವನು ಅವನೇ. ಕ್ಲಬ್ಬಿನ ಮುಂದೆ ಎಂಜಿನ್ನು ನಿಲ್ಲಿಸಿ, “ನಾನು ಒಳಗೆ ಬರಲ್ಲ. ಅವತ್ತು ಫೋನಿನಲ್ಲಿ ಸುಳ್ಳು ಹೇಳಿದ ಬಾಯಿ ಇದು” ಎಂದ.

ಹಗಲಿನಲ್ಲಿ ಕ್ಲಬ್ಬು ಆಸ್ಪತ್ರೆಯ ಹಾಗಿತ್ತು. ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿದ್ದವು. ಯಾರೋ ನೆಲ ಒರೆಸುತ್ತಿದ್ದರು. ಮೇಲ್ವಿಚಾರಕ ಅಕ್ಕನನ್ನು ತನ್ನ ಸಣ್ಣ ಕೋಣೆಗೆ ಕರೆದು, ಕುರ್ಚಿ ಎಳೆದು ಕೂರಿಸಿ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ. ಅಪ್ಪ, ಗುಂಡಿ, ಮೂರು ಬೆರಳು, ಸಂದಿ, ಎಲ್ಲವನ್ನೂ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ.

“ಎಷ್ಟು ಹಾಕಿದ್ರಿ?” ಎಂದು ಕೇಳಿದ.

“ಎಷ್ಟು ಅಂದ್ರೆ?”

“ಕೊಸರು. ಒಟ್ಟು ಎಷ್ಟು? ಕೆಂಪು ಎಷ್ಟು?”

“ಎಣಿಸಿಲ್ಲ ಸಾರ್. ಕೊಸರನ್ನ ಯಾರು ಎಣಿಸ್ತಾರೆ? ಎಣಿಸಿದ್ರೆ ಅದು ಕೊಸರು ಹೇಗಾಗುತ್ತೆ?”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಎಣಿಸಿ ಹಾಕಿದ್ದರೆ ನಿಮ್ಮನ್ನೂ ಉಳಿಸಬಹುದಿತ್ತು, ಬಿಲ್ಲೆಯನ್ನೂ ಉಳಿಸಬಹುದಿತ್ತು. ಇಷ್ಟು ಹೆಚ್ಚು ಅಂತ ಬರೆದುಕೊಂಡು ಮುಂದೆ ಹೋಗ್ತಿದ್ದೆ. ಈಗ ಆಟಗಾರರ ಜೇಬಿನಲ್ಲಿ ಎಷ್ಟಿವೆ ಅಂತ ತಿಳಿಯೋ ದಾರಿನೇ ನನಗಿಲ್ಲ. ನಾಳೆ ಯಾರೋ ನಕಲಿ ಮಾಡಿ ತಂದರೂ ಅದು ನಿಮ್ಮ ಕೊಸರೋ ಅವನ ಕಳ್ಳತನವೋ ಹೇಗೆ ಹೇಳ್ಲಿ? ಅಷ್ಟನ್ನೂ ಒಡೆಸಬೇಕು. ಒಂದು ಬಿಡದ ಹಾಗೆ. ಹೊಸದನ್ನ ಬೇರೆಯವರ ಹತ್ತಿರ ಮಾಡಿಸ್ತೀವಿ. ಅಚ್ಚನ್ನ ಈ ವಾರ ತಂದೊಪ್ಪಿಸಿ.”

ಅಷ್ಟನ್ನೂ ಒಡೆಸಬೇಕು. ಅಕ್ಕನಿಗೆ ಒಂದೊಂದು ಬಿಲ್ಲೆಯ ಹಿಂದಿನ ಎರಡೆರಡು ಪದ್ಯಗಳು ನೆನಪಾದವು. ಅವನ್ನೂ ಒಡೆಯುತ್ತಾರೋ ಏನೋ. ತಮ್ಮ ಹೊರಗೆ ವ್ಯಾನಿನಲ್ಲಿ ಕುಳಿತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಅವನಿಗೆ ಇದನ್ನು ಹೇಳಬೇಕು. ಎರಡನೆಯ ಯಂತ್ರವನ್ನು ಕೊಳ್ಳುವವರು ಸಿಕ್ಕರೆ ಮತ್ತೆ ಗೋಡೆ ಒಡೆಯಬೇಕು. ಅವಳು ಇದಕ್ಕೆ ಸಿದ್ಧಳಾಗಿಯೇ ಬಂದಿದ್ದಳು, ಸಿದ್ಧಳಾಗಿದ್ದೇನೆ ಎಂದುಕೊಂಡಿದ್ದಳು.

“ಆಗಲಿ ಸಾರ್” ಎಂದಳು. “ನಮ್ಮ ತಪ್ಪು, ನಮ್ಮ ತಲೆ ಮೇಲೆ. ಅದಕ್ಕೆ ನಾನು ವಾದ ಮಾಡಲ್ಲ. ಒಂದು ಕೇಳ್ತೀನಿ. ಆ ಎಣಿಕೆಯವಳನ್ನ ವಾಪಸ್ ಕರೀರಿ. ಅವಳು ಕದ್ದಿಲ್ಲ, ಅವಳ ಎಣಿಕೆ ತಪ್ಪಿರಲಿಲ್ಲ. ಬೇಕಾದರೆ ಅವಳೆದುರಿಗೆ, ಎಲ್ಲರೆದುರಿಗೆ ನಿಂತು ಹೇಳ್ತೀನಿ.”

“ಕದ್ದಿಲ್ಲ ಅಂತ ನಾನೂ ಈಗ ನಂಬ್ತೀನಿ” ಎಂದ ಮೇಲ್ವಿಚಾರಕ. “ಆ ಮಾತನ್ನ ಅವಳಿಗೆ ತಿಳಿಸ್ತೀನಿ.”

“ಮತ್ತೆ ಕೆಲಸ?”

“ಅವಳು ಸರಿಯಾಗಿ ಎಣಿಸಿದಳು ಅಂತ ನೀವೇ ಹೇಳ್ತಿದ್ದೀರಿ. ಸರಿಯಾಗಿ ಎಣಿಸಿಯೂ ಪೆಟ್ಟಿಗೆ ಮೇಲಿದ್ದದ್ದನ್ನೇ ಬರೆದಳು. ತಪ್ಪು ಎಣಿಸಿದವಳಿಗೆ ಕಲಿಸಿಕೊಡಬಹುದು. ತನ್ನ ಕಣ್ಣನ್ನೇ ನಂಬದವಳನ್ನ ಇಲ್ಲಿ ಕೂರಿಸಿ ನಾನೇನು ಮಾಡ್ಲಿ?”

“ಹೆದರಿಕೆ ಸಾರ್ ಅದು. ಬಡವರ ಹೆದರಿಕೆ. ಅದನ್ನೂ ಒಂದು ತಪ್ಪು ಅಂತೀರಾ? ನನ್ನ ಮುಖ ನೋಡಿಯಾದರೂ… ನಾನು ಎಲ್ಲಾ ಕಳ್ಕೊಂಡು ಬಂದಿದ್ದೀನಿ. ಇದೊಂದು ಮಾಡಿಕೊಡಿ.”

ಅವನು ಕನ್ನಡಕ ಹಾಕಿಕೊಂಡು ಎದ್ದುನಿಂತ, ಅವಳಿಗಾಗಿ ಬಾಗಿಲು ತೆರೆದು ಹಿಡಿದ.

“ಇಲ್ಲಮ್ಮ” ಎಂದ. “ತಗೊಳ್ಳಲ್ಲ.”